ಸತ್ಯಾಂಶ: ಇಟ್ಟಿಗೆ ಗೋಡೆಯ ಬುಡದ ತೂತು ಮುಚ್ಚಿದರೆ ತೇವ ನಿಲ್ಲುವುದೇ?

ಅಮೆರಿಕದಲ್ಲಿ ಮನೆ ಕೊಂಡವರ ನಡುವೆ ಓಡಾಡುವ ಸಲಹೆಯೊಂದಿದೆ: ‘ಇಟ್ಟಿಗೆ ಗೋಡೆಯ ಬುಡದಲ್ಲಿ ಅಲ್ಲಲ್ಲಿ ಗಾರೆ ಬಿಟ್ಟುಹೋಗಿರುತ್ತದೆ. ಸಿಲಿಕೋನ್ ತುಂಬಿಸಿ, ಮಳೆನೀರೂ ಇರುವೆಯೂ ಒಳಗೆ ಬರುವುದಿಲ್ಲ.’

ಬಿಟ್ಟುಹೋದದ್ದಲ್ಲ, ಬೇಕೆಂದೇ ಬಿಟ್ಟದ್ದು. ನಮ್ಮೂರಿನ ಹಳೆಯ ಮನೆಗಳಲ್ಲಿ ಇಟ್ಟಿಗೆ ಗೋಡೆ ಸೂರಿನ ಭಾರ ಹೊರುತ್ತದೆ. ಅಲ್ಲಿನ ಹೊಸ ಮನೆಗಳಲ್ಲಿ ಬಹುಪಾಲು ಅದು ಹೊದಿಕೆ ಮಾತ್ರ. ಹಿಂದೆ ಸುಮಾರು ಒಂದು ಇಂಚಿನ ಗಾಳಿಸಂದು, ನೀರು ತಡೆಯುವ ಹಾಳೆ, ಹಲಗೆ, ಮರದ ಚೌಕಟ್ಟು. ಬೀಸುಮಳೆಗೆ ಇಟ್ಟಿಗೆ ನೀರು ಕುಡಿದೇ ಕುಡಿಯುತ್ತದೆ. ಆ ನೀರು ಸಂದಿನಲ್ಲಿ ಇಳಿದು, ಬುಡದ ತಗಡಿನ ಮೇಲೆ ಹರಿದು, ಈ ತೂತುಗಳಿಂದ ಹೊರಬರಬೇಕು. ಎರಡು ತೂತುಗಳ ನಡುವೆ 33 ಇಂಚಿಗಿಂತ ಹೆಚ್ಚು ಅಂತರ ಇರಬಾರದೆಂದು ಅಲ್ಲಿನ ಮಾದರಿ ವಸತಿ ಕಟ್ಟಡ ಸಂಹಿತೆಯೇ ಹೇಳುತ್ತದೆ. ಮುಚ್ಚಿದರೆ ನೀರು ಒಳಗೇ ನಿಂತು ಹಲಗೆ ಕೊಳೆಯುತ್ತದೆ; ಹೊರಗಿನ ಇಟ್ಟಿಗೆ ಮಾತ್ರ ಏನೂ ಆಗದಂತೆ ನಿಂತಿರುತ್ತದೆ!

ಹಾನಿ ಆಗಿದ್ದರೆ ಮೊದಲು ಮೂಲ ಹುಡುಕಬೇಕು: ಸೋರುವ ಕಿಟಕಿಯಂಚು, ಕಸ ತುಂಬಿದ ಸೂರಂಚಿನ ನೀರುದೋಣಿ, ತೂತಿನ ಮೇಲಕ್ಕೇರಿದ ತೋಟದ ಮಣ್ಣು. ಬಳಿಕ ಕೆಳಗಿನ ಕೆಲವು ವರಸೆ ಇಟ್ಟಿಗೆಯನ್ನು ಒಮ್ಮೆಗೆ ಗೋಡೆಯ ಸ್ವಲ್ಪ ಭಾಗದಂತೆ ಬಿಚ್ಚಿ, ಸ್ಕ್ರೂಡ್ರೈವರ್ ತುದಿಗೆ ಮೆತ್ತಗೆ ಸಿಗುವ ಮರವನ್ನೆಲ್ಲ ಕತ್ತರಿಸಿ ಬದಲಿಸಬೇಕು. ಹೊಸ ತಗಡಿನ ಮೇಲೆ ಹಾಳೆಯ ಅಂಚು ಬರಬೇಕು, ಕೆಳಗಲ್ಲ. ಕಟ್ಟುವಾಗ ಸಂದಿನೊಳಗೆ ಗಾರೆ ಬೀಳಕೂಡದು.

ಹುಳುಗಳ ಕಾಟವಿದ್ದರೆ ತೂತಿಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಸಿಕ್ಕಿಸಿದರಾಯಿತು.