ಎಕ್ಕ ಹುಟ್ಟಿದ ಮನೆ

ನಮ್ಮ ಮನೆಯಲ್ಲಿ ವರ್ಷದ 364 ದಿನ ಎಕ್ಕ ಅನ್ನುವುದು ಬೈಗುಳ. ಮಿಕ್ಸಿ ಸುಟ್ಟರೆ ಎಕ್ಕುಟ್ಟೋಯ್ತು. ಮಗಳ ಗಣಿತದ ಮಾರ್ಕ್ಸು ಎಕ್ಕುಟ್ಟೋಯ್ತು. ಪಾಳುಬಿದ್ದ ಮನೆಯಲ್ಲಿ ಎಕ್ಕದ ಗಿಡ ಹುಟ್ಟುತ್ತದಲ್ಲ, ಹಾಗೆ ಹಾಳಾಗಿ ಹೋಗು ಅನ್ನುವ ಶಾಪ ಅದು. ಉಳಿದ ಒಂದು ದಿನ ಮಾತ್ರ ಅದೇ ಎಕ್ಕವನ್ನು ತಲೆಯ ಮೇಲೆ ಹೊತ್ತುಕೊಂಡು ಸ್ನಾನ ಮಾಡುತ್ತೇವೆ. ರಥಸಪ್ತಮಿ.

ಪಾಪದ ಹಬ್ಬ ಇದು. ಹಿಂದೆ ಸಂಕ್ರಾಂತಿ, ಮುಂದೆ ಶಿವರಾತ್ರಿ. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಸಕ್ಕರೆ ಅಚ್ಚು, ಕಬ್ಬು ಅಂತ ಸಡಗರ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಅನ್ನುವ ಮಾತಾದರೂ ಇದೆ. ನಡುವೆ ಸಿಕ್ಕಿಕೊಂಡ ಸಪ್ತಮಿಗೆ ಆಫೀಸಿನಲ್ಲಿ ರಜೆಯೂ ಇಲ್ಲ. 2025ರಲ್ಲಿ ಅದು ಫೆಬ್ರವರಿ 4, ಮಂಗಳವಾರ ಬಂದಿತ್ತು. ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, 'ಎಕ್ಕದೆಲೆ ತಂದ್ಯೇನೋ?'

'ಅದೇನು ಅಮ್ಮ, ಪಕ್ಕದ ಸೈಟಿನಲ್ಲೇ ಕಾಡು ಥರ ಬೆಳೆದಿದೆ. ಐದು ನಿಮಿಷದ ಕೆಲಸ' ಎಂದೆ. ಹೆಂಡತಿ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು. 'ರೀ, ಆ ಸೈಟ್ ಕ್ಲೀನ್ ಮಾಡಿಸಿದ್ದು ಯಾರು?'

ನಾನೇ. ಸಂಕ್ರಾಂತಿಯ ಮುಂಚಿನ ಮಾತು. ಸೊಳ್ಳೆ ಜಾಸ್ತಿ, ಹಾವು ಬಂದೀತು ಅಂತ ಬೀದಿಯ ಹನ್ನೊಂದು ಮನೆಯವರ ಸಹಿ ಹಾಕಿಸಿ ಅರ್ಜಿ ಕೊಟ್ಟಿದ್ದೆ. ಜೀವನದಲ್ಲಿ ನಾನು ಕೊಟ್ಟ ಅರ್ಜಿಗಳಲ್ಲಿ ಕೆಲಸ ಆಗಿದ್ದು ಅದೊಂದೇ. ಜೆಸಿಬಿ ಬಂದು ಅರ್ಧ ಗಂಟೆಯಲ್ಲಿ ಸೈಟನ್ನು ಬೋಳಿಸಿ ಹೋಗಿತ್ತು. ನಿಂತು ವಿಡಿಯೋ ಬೇರೆ ಮಾಡಿಕೊಂಡಿದ್ದೆ.

ಗಾಂಧಿ ಬಜಾರಿನಲ್ಲಿ ಏಳೇಳು ಎಲೆಯ ಕಟ್ಟು ಮಾಡಿ ಮಾರುತ್ತಾರೆ. ಆದರೆ ಅದು ಸಂಜೆಯ ಮಾತು. ಆಗಲೇ ಒಂಬತ್ತು ಹೊಡೆದಿತ್ತು. ಮೊಬೈಲ್ ಟಾರ್ಚ್ ಹಿಡಿದು ಹೊರಟೆ. ದಿನಾ ವಾಕಿಂಗ್ ಹೋಗುವಾಗ ಮೋರಿ ಪಕ್ಕ, ಟ್ರಾನ್ಸ್‌ಫಾರ್ಮರ್ ಹಿಂದೆ, ಎಲ್ಲೆಂದರಲ್ಲಿ ಕಾಣುವ ಗಿಡ ಆ ರಾತ್ರಿ ಒಂದೂ ಕಾಣಲಿಲ್ಲ. ಎಲ್ಲ ಕಡೆ ಬರೀ ಬೋಳು ರೆಂಬೆ. ನನಗಿಂತ ಮುಂಚೆ ಭಕ್ತರು ಬಂದು ಹೋಗಿದ್ದರು. ಮೂರನೇ ಬೀದಿಯಿಂದ ಎರಡು ನಾಯಿಗಳು ಜೊತೆಗೆ ಬಂದವು. ಮೊದಲು ಬೊಗಳಿದವು, ಆಮೇಲೆ ಇವನ ಕೈಯಲ್ಲಿ ಏನೂ ಆಗುವುದಿಲ್ಲ ಅಂತ ಗೊತ್ತಾಗಿ ಸುಮ್ನೆ ಹಿಂಬಾಲಿಸಿದವು.

ಕಟ್ಟುತ್ತಿರುವ ಒಂದು ಬಿಲ್ಡಿಂಗಿನ ಕಾಂಪೌಂಡಿಗೆ ಟಾರ್ಚ್ ಬಿಟ್ಟು ಇಣುಕುತ್ತಿದ್ದಾಗ ಒಳಗಿನಿಂದ ದನಿ ಬಂತು. 'ಯಾರ್ರೀ ಅದು?'

ಕಬ್ಬಿಣ ಕದಿಯಲು ಬಂದವನಲ್ಲ, ಎಲೆಗೆ ಬಂದವನು ಎಂದು ಸಾಬೀತು ಮಾಡಲು ಸ್ವಲ್ಪ ಹೊತ್ತು ಹಿಡಿಯಿತು. ವಾಚ್‌ಮನ್ ಯಾದಗಿರಿ ಕಡೆಯವನು. 'ಎಕ್ಕಿ ಎಲಿ ಏನ್ರಿ? ಮೊದ್ಲ ಹೇಳಬಾರದೇನ್ರಿ ಸಾಹೇಬ್ರ' ಅಂತ ಜಲ್ಲಿ ರಾಶಿಯ ಹಿಂದೆ ಕರೆದುಕೊಂಡು ಹೋದ. ಅಲ್ಲಿತ್ತು, ನನ್ನೆತ್ತರದ ಗಿಡ. ದಪ್ಪ ಎಲೆ, ಮೇಲೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಿನ ಪುಡಿ, ತುದಿಯಲ್ಲಿ ನೇರಳೆ ಹೂವಿನ ಗೊಂಚಲು. ಕಿತ್ತ ಜಾಗದಲ್ಲೆಲ್ಲ ಹಾಲು ತೊಟ್ಟಿಕ್ಕಿ ಕೈ ಅಂಟಂಟು. 'ಕಣ್ಣು ಮುಟ್ಟಿಕೋಬ್ಯಾಡ್ರಿ, ಕಣ್ಣು ಕೆಡತಾವ' ಎಂದ. ಅವನು ಹೇಳಿದ ಮರುಕ್ಷಣದಿಂದ ಮನೆ ಮುಟ್ಟುವವರೆಗೂ ನನಗೆ ಎರಡೂ ಕಣ್ಣು ತುರಿಸಿದವು.

ಕೈ ತೊಳೆದು ಬಂದು ಎಣಿಸಿದರೆ 23 ಎಲೆ. ತಲೆಗೆ ಒಂದು, ಭುಜಕ್ಕೆ ಎರಡು, ಮಂಡಿಗೆ ಎರಡು, ಪಾದಕ್ಕೆ ಎರಡು. ಒಬ್ಬರಿಗೆ ಏಳರಂತೆ ನಾಲ್ಕು ಜನಕ್ಕೆ 28 ಬೇಕು. ಮಗಳು ಧಾರಾಳವಾಗಿ, 'ನಂಗೆ ಮಂಡಿ, ಪಾದ ಬೇಡ ಅಜ್ಜಿ, ಮೂರು ಸಾಕು' ಎಂದಳು. ಆದರೂ ಒಂದು ಕಡಿಮೆ. ಅಮ್ಮ ನನ್ನ ಬೋಳು ನೆತ್ತಿಯನ್ನೇ ನೋಡಿದಳು. 'ನಿಮ್ಮಪ್ಪನ ತಲೆಗೆ ಬೇಡ ಬಿಡೇ. ಅಲ್ಲಿ ಹೇಗೂ ನಿಲ್ಲಲ್ಲ.'

ಕತ್ತಲಾದ ಮೇಲೆ ಗಿಡ ಮುಟ್ಟಬಾರದು ಅನ್ನುವ ಶಾಸ್ತ್ರ ನೆನಪಾಗಿ ಕೇಳಿದ್ದಕ್ಕೆ, 'ಸೂರ್ಯನ ಹಬ್ಬ ತಾನೇ, ಅವನು ಆಗ ಮಲಗಿದ್ದ' ಎಂದು ಅದನ್ನೂ ಬಗೆಹರಿಸಿದಳು.

ಬೆಳಿಗ್ಗೆ ಐದೂವರೆಗೆ ಬಚ್ಚಲಿಗೆ ಹೋದೆ. ಈ ಸ್ನಾನ ಹುಟ್ಟಿದ್ದು ಮಣೆಯ ಮೇಲೆ ಕೂತು, ಬೇರೆಯವರು ಚೊಂಬಿನಲ್ಲಿ ನೀರು ಹುಯ್ಯುವ ಕಾಲದಲ್ಲಿ. ಒಬ್ಬನೇ ನಿಂತುಕೊಂಡು ಮಾಡುವಂಥದ್ದಲ್ಲ. ಬಲಭುಜದ ಎಲೆ ಕೂರಿಸುವಾಗ ಎಡಗಡೆಯದು ಬಿತ್ತು. ಅದನ್ನೆತ್ತಲು ಬಗ್ಗಿದರೆ ಮಂಡಿಯ ಎರಡೂ ಜಾರಿದವು. ಹೊರಗಿನಿಂದ ಅಮ್ಮ 'ಸಪ್ತ ಸಪ್ತ ಮಹಾಸಪ್ತ' ಅಂತ ಶ್ಲೋಕ ಹೇಳಿಕೊಡುತ್ತಿದ್ದಳು. ಆರೇ ಎಲೆ ಇಟ್ಟುಕೊಂಡು ಏಳೇಳು ಎನ್ನಲು ನಾಲಿಗೆ ತಡವರಿಸಿತು. ಕೊನೆಗೆ ತಾಳ್ಮೆ ಕೆಟ್ಟು ಶವರ್ ತಿರುಗಿಸಿದೆ. ಆರೂ ಎಲೆ ಒಟ್ಟಿಗೆ ತೇಲುತ್ತಾ ಹೋಗಿ, ನಾನು ಕ್ಲೀನ್ ಮಾಡಲೆಂದು ಜಾಲರಿ ತೆಗೆದಿಟ್ಟಿದ್ದ ತೂತಿನಲ್ಲಿ ಒಂದೊಂದಾಗಿ ಇಳಿದವು. ಏಳು ಜನ್ಮದ ಪಾಪ ಹೀಗೆ ತೊಳೆದು ಹೋಗುತ್ತದಂತೆ. ನನ್ನದು ಪೈಪಿನ ತಿರುವಿನಲ್ಲೇ ನಿಂತಿತು. ಎರಡು ನಿಮಿಷಕ್ಕೆ ಪಾದ ಮುಳುಗುವಷ್ಟು ನೀರು.

ಹೊರಗೆ ಹೆಂಡತಿ ರಥದ ರಂಗೋಲಿ ಬಿಡುತ್ತಿದ್ದಳು. ಸೂರ್ಯನ ರಥಕ್ಕೆ ಕುದುರೆ ಏಳಾದರೂ ಚಕ್ರ ಒಂದೇ. ಮಗಳು ಪಕ್ಕದಲ್ಲಿ ಕೂತು, 'ಇನ್ನೊಂದು ಪಂಕ್ಚರ್‌ಗೆ ಕೊಟ್ಟಿದಾರಾ?' ಎನ್ನುತ್ತಿದ್ದಳು. ನನ್ನ ಕೂಗು ಕೇಳಿ ಇಬ್ಬರೂ ಓಡಿ ಬಂದರು. ಆ ಗಡಿಬಿಡಿಯಲ್ಲಿ ಮೂರು ಕುದುರೆ ಅಳಿಸಿಹೋದವು. ಪಾರ್ಕಿನಲ್ಲಿ ಯೋಗದವರ 108 ಸೂರ್ಯನಮಸ್ಕಾರಕ್ಕೆ ಹೆಸರು ಕೊಟ್ಟಿದ್ದೆ. ನಮಸ್ಕಾರ ಬಚ್ಚಲಿನಲ್ಲೇ ಆಯಿತು, ಮಗ್ಗಿನಲ್ಲಿ ನೀರು ಬಗ್ಗಿ ಬಗ್ಗಿ ತೋಡಿ. 108ಕ್ಕೆ ಕಡಿಮೆ ಇರಲಾರದು.

ಪ್ಲಂಬರ್ ಒಂಬತ್ತಕ್ಕೆ ಬಂದ. ಏನು ಸಿಕ್ಕಿಕೊಂಡಿದೆ ಎಂದು ಕೇಳಲೇ ಇಲ್ಲ. ತಂತಿ ಬಿಡುತ್ತಾ, 'ಬೆಳಿಗ್ಗೆಯಿಂದ ಇದು ಮೂರನೇ ಮನೆ ಸರ್. ಎಲೆ ಎಷ್ಟು?' ಎಂದ. ಆರು ಎಂದೆ. ಐದು ಈಚೆ ಬಂದವು. ಆರನೆಯದು ಇವತ್ತಿಗೂ ಅಲ್ಲೇ ಇದೆ ಅಂತ ನನ್ನ ಅನುಮಾನ. ನೀರು ಈಗಲೂ ಗೊಟಗೊಟ ಅಂದುಕೊಂಡೇ ಹೋಗುತ್ತದೆ.

ಫೆಬ್ರವರಿ 26ಕ್ಕೆ ಶಿವರಾತ್ರಿ. ಉಪವಾಸದಲ್ಲಿ ಎರಡು ಸಲ ಮರೆತು ಚಕ್ಕುಲಿ ತಿಂದೆ, ಬಿಡಿ. ರಾತ್ರಿ ಜಾಗರಣೆ. ನಿದ್ದೆ ತಡೆಯಲು ಎಲ್ಲರೂ ಬಾಲ್ಕನಿಯಲ್ಲಿ ನಿಂತಿದ್ದಾಗ ಅಮ್ಮ ಹೊರಗೋಡೆಯ ಬಿರುಕಿನ ಕಡೆ ಬೆರಳು ತೋರಿಸಿದಳು. 'ಏ, ಇಲ್ನೋಡೋ.'

ಗೇಣುದ್ದದ ಎಕ್ಕದ ಸಸಿ. ಚಿಕ್ಕವರಿದ್ದಾಗ ಅಜ್ಜನ ಗಡ್ಡ ಅಂತ ಊದಿ ಆಡುತ್ತಿದ್ದೆವಲ್ಲ, ಅದೇ ಬೀಜ ಪಕ್ಕದ ಸೈಟಿನಿಂದ ಯಾವಾಗಲೋ ಹಾರಿ ಬಂದು ಕೂತಿರಬೇಕು. ನಾನು ಕೀಳಲು ಕೈ ಹಾಕಿದೆ. 'ಕೀಳಿ ರೀ, ಮನೆಯಲ್ಲಿ ಎಕ್ಕ ಹುಟ್ಟಬಾರದು' ಎಂದಳು ಹೆಂಡತಿ. 'ಮುಟ್ಟಬೇಡ, ಮುಂದಿನ ಸಪ್ತಮಿಗೆ ಎಲ್ಲಿ ಅಲೆಯುತ್ತೀಯ?' ಎಂದಳು ಅಮ್ಮ. ಇಬ್ಬರ ನಡುವೆ ನನ್ನ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಮಗಳು ಮೊಬೈಲ್ ಟಾರ್ಚ್ ಬಿಟ್ಟು ಬಗ್ಗಿ ಎಣಿಸಿದಳು.

'ನಾಲ್ಕಿದೆ ಅಪ್ಪ. ಇನ್ನು ಇಪ್ಪತ್ನಾಲ್ಕು.'