ಬ್ಯಾಂಕ್ ತೆರೆದಿರುವ ಹೊತ್ತಿಗೆ ನಾನು ಕ್ಲಾಸಲ್ಲಿ ಇರುತ್ತೇನೆ ಸಾರ್

ಎಜುಕೇಶನ್ ಲೋನ್‌ಗೆ ಅಂತ ಓಡಾಡಿ ಓಡಾಡಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಈ ಲೋನು, ಸ್ಕಾಲರ್‌ಶಿಪ್ಪು, ಅರ್ಜಿ, ಕಾಗದಪತ್ರ ಎಲ್ಲವನ್ನೂ ಮಾಡಿಟ್ಟಿರುವುದು ಹಗಲೆಲ್ಲ ಪುರುಸೊತ್ತು ಇರುವ ಹುಡುಗರಿಗೆ. ದುಡಿದು ಓದುವವರು ಯಾರ ಲೆಕ್ಕದಲ್ಲೂ ಇಲ್ಲ.

ನಾನು ಕಲಬುರಗಿಯಲ್ಲಿ ಬಿಇ ಮೂರನೇ ವರ್ಷ ಓದುತ್ತಿದ್ದೇನೆ. ಊರು ಸೇಡಂ ಕಡೆ. ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಕ್ಲಾಸು. ಐದಕ್ಕೆ ಮೆಡಿಕಲ್ ಶಾಪಿನಲ್ಲಿ ನಿಂತರೆ ಬಿಡುವುದು ರಾತ್ರಿ ಹನ್ನೊಂದಕ್ಕೆ. ಅಲ್ಲಿ ಸಿಗುವ ದುಡ್ಡಲ್ಲೇ ರೂಮಿನ ಬಾಡಿಗೆ, ಮೆಸ್ಸು, ಜೆರಾಕ್ಸು ಎಲ್ಲ. ನಮ್ಮ ವಿಶ್ವವಿದ್ಯಾಲಯ ವಿಟಿಯುದ ನಿಯಮದಲ್ಲಿ ಹಾಜರಾತಿ 85% ಇರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಬ್ಯಾಂಕು ಹತ್ತರಿಂದ ನಾಲ್ಕು. ನಾಡಕಚೇರಿನೂ ಹೆಚ್ಚುಕಡಿಮೆ ಅದೇ ಹೊತ್ತು. ಕಾಲೇಜಿನ ಸ್ಕಾಲರ್‌ಶಿಪ್ ಸೆಕ್ಷನ್ನೂ ಅದೇ ಹೊತ್ತು, ನಡುವೆ ಊಟದ ಬಿಡುವು ಬೇರೆ. ಶನಿವಾರ ಹೋಗೋಣ ಅಂದರೆ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಹಾಗಾದ್ರೆ ನಾನು ಯಾವಾಗ ಹೋಗಬೇಕು ಹೇಳಿ?

ಒಂದು ಸಹಿಗೆ ಹೋದರೂ ಅರ್ಧ ದಿನದ ಹಾಜರಾತಿ ಹೋಗುತ್ತದೆ. ಊರಿನ ಕಡೆಯ ಕೆಲಸ ಇದ್ದರೆ ಅಂಗಡಿಗೂ ರಜೆ ಹಾಕಬೇಕು, ಪಗಾರ ಕಟ್. ಅಷ್ಟು ಮಾಡಿ ಹೋದರೆ "ಇವತ್ತು ಸರ್ವರ್ ಡೌನ್ ಅದ ತಮ್ಮಾ, ನಾಳಿಗಿ ಬಾ" ಅಂತಾರೆ. ನಾಳೆ ಅಂದರೆ ಅವರಿಗೆ ಬರೀ ನಾಳೆ. ನನಗೆ ಒಂದು ದಿನದ ಊಟ.

ಇನ್ನು ಬ್ಯಾಂಕಿನ ಕಥೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ನನಗೆ ಬೇಕಿದ್ದದ್ದು ಅದಕ್ಕಿಂತ ಕಡಿಮೆ. ಆದರೂ ಮೊದಲು ಕೇಳಿದ್ದು "ಹೊಲ ಎಷ್ಟದ? ಪಹಣಿ ತಂದೀಯೇನು?" ಅಂತ. ಆಮೇಲೆ ಅಪ್ಪನ ಸ್ಯಾಲರಿ ಸ್ಲಿಪ್, ಇಲ್ಲವೇ ಐಟಿ ರಿಟರ್ನ್. ನಮ್ಮಪ್ಪ ತೊಗರಿ ಬೆಳೆಯುವ ರೈತ. ಅವರಿಗೆ ಸ್ಲಿಪ್ ಕೊಡುವವರು ಯಾರು? ಹೋಗಲಿ, ನನ್ನ ದುಡಿಮೆ ತೋರಿಸೋಣ ಅಂದರೆ ಅದು ಕೈಗೆ ಸಿಗುವ ರೊಕ್ಕ, ಅದಕ್ಕೂ ಕಾಗದ ಇಲ್ಲ. "ಪುರಾವೆ ಇಲ್ಲದ ಆದಾಯ ನಡೆಯಲ್ಲ" ಅಂದುಬಿಟ್ಟರು. ಅದೇ ವಾರ ಕಾಲೇಜಿನ ಆಫೀಸಿನಲ್ಲಿ ಒಬ್ಬರು ಎಲ್ಲರ ಎದುರಿಗೇ, "ನೀ ದುಡೀಲತ್ತಿ ಅಲ್ಲ, ನಿನಗ್ಯಾಕ ಸ್ಕಾಲರ್‌ಶಿಪ್?" ಅಂದರು. ಸಾಲ ಕೇಳಿದರೆ ನನಗೆ ಆದಾಯವೇ ಇಲ್ಲ. ಸಹಾಯ ಕೇಳಿದರೆ ಆದಾಯ ಇದೆ. ಇದನ್ನು ಕೇಳಿಸಿಕೊಂಡು ಸುಮ್ಮನೆ ಇರುವುದು ಹೇಗೆ?

ಅಪ್ಪನ ಹೆಸರಲ್ಲಿ ಬೆಳೆಸಾಲ ಬಾಕಿ ಇದೆ, ನಿಜ. 2022ರಲ್ಲಿ ನಮ್ಮ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಂದದ್ದು ಇಲ್ಲಿಯ ಎಲ್ಲರಿಗೂ ಗೊತ್ತು. ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ಆವಾಗ ನಿಂತ ಕಂತು ಇವತ್ತಿಗೂ ಸರಿಹೋಗಿಲ್ಲ. ಅದನ್ನೇ ತೋರಿಸಿ ಸಿಬಿಲ್, ಅಂದರೆ ಹಳೆಯ ಸಾಲ ಕಟ್ಟಿದ ದಾಖಲೆ ನೋಡಿ ಕೊಡುವ ಅಂಕ, ಸರಿಯಿಲ್ಲ, ಆಗಲ್ಲ ಅಂದರು. ಸಿಬಿಲ್ ಸ್ಕೋರ್ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ವಿದ್ಯಾರ್ಥಿಗೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ಕೇರಳ ಹೈಕೋರ್ಟ್ 2023ರಲ್ಲೇ ಹೇಳಿದೆ. ಅದನ್ನು ಹೇಳಿದರೆ "ಕೋರ್ಟಿಗೆ ಹೋಗು ಹಂಗಾದ್ರ" ಅನ್ನುವ ಉತ್ತರ. ಕೋರ್ಟಿಗೆ ಹೋಗುವಷ್ಟು ದುಡ್ಡಿದ್ದರೆ ಫೀಸನ್ನೇ ಕಟ್ಟುತ್ತಿದ್ದೆ.

ಆ ಓಟಿಪಿ ದಿನವಂತೂ ಮರೆಯಲ್ಲ. ಸಾಲಕ್ಕೆ ಅಪ್ಪನೂ ಜೊತೆಗೆ ಸಹಿ ಹಾಕಬೇಕು, ಅದಕ್ಕೆ ಅವರ ಆಧಾರ್ ದೃಢೀಕರಣ. ನಾನು ಕೌಂಟರಿನ ಮುಂದೆ, ಅಪ್ಪ ಹೊಲದಲ್ಲಿ. ಅವರದು ಬಟನ್ ಫೋನು. ನನ್ನ ಕರೆಯಲ್ಲಿ ಇರುವಾಗ ಮೆಸೇಜು ತೆಗೆಯಲು ಅವರಿಗೆ ಬರುವುದಿಲ್ಲ. ಫೋನಿಟ್ಟು, ಪಕ್ಕದ ಹೊಲದ ಹುಡುಗನನ್ನು ಕೂಗಿ ಕರೆದು, ಅವನು ಓದಿ, ಅಪ್ಪ ಮತ್ತೆ ನನಗೆ ಫೋನ್ ಹಚ್ಚಿ ಒಂದೊಂದೇ ಅಂಕಿ ಹೇಳುವಷ್ಟರಲ್ಲಿ ಟೈಮು ಮುಗಿದಿತ್ತು. "ಇನ್ನೊಮ್ಮೆ ಕಳಿಸ್ರಿ ಸಾರ್" ಅಂದೆ. ಆ ಕಡೆಯವರು ಮುಖವನ್ನೂ ನೋಡದೆ ನನ್ನ ಫೈಲು ಪಕ್ಕಕ್ಕೆ ಸರಿಸಿ ಮುಂದಿನವರನ್ನು ಕರೆದರು. ಅಪ್ಪ ಇನ್ನೂ ಲೈನಿನಲ್ಲೇ ಇದ್ದರು. "ಆಯ್ತೇನಪ್ಪ? ನಂಬರ್ ಬರೋಬರಿ ಹೇಳೀನಲ್ಲ?" ಅಂತ ಕೇಳುತ್ತಿದ್ದರು. ಆ ಮನುಷ್ಯ ಏನು ತಪ್ಪು ಮಾಡಿದ್ದಾರೆ ಅಂತ ಅಷ್ಟು ಹೆದರಬೇಕು?

ಹೆಸರಿನ ಗೋಳು ಬೇರೆ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿಗೆ ಒಂದು ಪಿ, ಆಧಾರ್‌ನಲ್ಲಿ ಎರಡು ಪಿ. ಅದಕ್ಕೊಂದು ಅಫಿಡವಿಟ್, ಅದಕ್ಕೊಂದು ದಿನ.

ಯೋಜನೆಗಳು ಇಲ್ಲ ಅಂತ ನಾನು ಹೇಳುತ್ತಿಲ್ಲ. ವೃತ್ತಿಪರ ಕೋರ್ಸ್ ಓದುವವರ ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದರೆ, ಓದು ಮುಗಿದು ಒಂದು ವರ್ಷದವರೆಗಿನ ಬಡ್ಡಿಯನ್ನು ಕೇಂದ್ರವೇ ಕೊಡುವ ಯೋಜನೆ ಇದೆ. ಆದರೆ ಲೋನೇ ಮಂಜೂರಾಗದಿದ್ದರೆ ಯಾವುದರ ಬಡ್ಡಿ? 2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಶಿಕ್ಷಣ ಸಾಲದ ಯೋಜನೆ ಬಂತು. ಅದು ಆಯ್ದ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ, ಶುರುವಾದಾಗ ದೇಶಕ್ಕೆಲ್ಲ 860. ನಮ್ಮ ಕಾಲೇಜು ಅದರಲ್ಲಿಲ್ಲ. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇರುವುದರಿಂದ ನಮ್ಮ ಭಾಗದವರಿಗೆ ಸೀಟು ಸಿಗುತ್ತದೆ, ಅದಕ್ಕೆ ಹೋರಾಡಿದವರಿಗೆ ನಾನು ಋಣಿ. ಸೀಟು ಸಿಕ್ಕ ಹುಡುಗ ಫೀಸು ಎಲ್ಲಿಂದ ತರುತ್ತಾನೆ ಅನ್ನುವುದನ್ನೂ ಯಾರಾದರೂ ಯೋಚಿಸಬೇಕು ಅಲ್ವಾ? ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ಅಂತ ದುಡ್ಡು ಕೊಡುವ ವಿದ್ಯಾಸಿರಿ ಇದೆ. ಒಳ್ಳೆಯದೇ. ಆದರೆ ರೂಮಿನ ಮಾಲಕರು ತಿಂಗಳ ಮೊದಲ ವಾರದಲ್ಲೇ ಬಾಡಿಗೆ ಕೇಳುತ್ತಾರೆ, ಖಾತೆಗೆ ದುಡ್ಡು ಬರುವವರೆಗೆ ಕಾಯುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ವಾರಕ್ಕೆ ಒಂದು ದಿನ ಸಂಜೆ ಏಳರವರೆಗೆ ಒಂದು ಕೌಂಟರ್ ತೆರೆದಿಡಿ. ಇಲ್ಲವೇ ಅಡ್ಮಿಶನ್ ತಿಂಗಳಲ್ಲಿ ಒಂದು ಭಾನುವಾರ ಬ್ಯಾಂಕಿನವರು, ಕಂದಾಯದವರು, ಕಾಲೇಜಿನವರು ಒಂದೇ ಕಡೆ ಕೂತು ಕಾಗದ ನೋಡಿ. ಬೇಕಾಗುವ ಕಾಗದಗಳನ್ನೆಲ್ಲ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಕೊಡಿ. ಹೋದಾಗಲೆಲ್ಲ ಒಂದೊಂದು ಹೊಸದು ಹೇಳಬೇಡಿ.

ಲೋನ್ ಕೊಡಲ್ಲ ಅನ್ನುವುದಾದರೆ ಅದನ್ನೂ ಬರೆದು ಕೊಡಿ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲೇ ಇದೆ. ಅರ್ಜಿಯನ್ನು 15 ದಿನದಿಂದ ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು, ತಿರಸ್ಕರಿಸುವುದಾದರೆ ಮೇಲಧಿಕಾರಿಯ ಒಪ್ಪಿಗೆ ಪಡೆದು ಕಾರಣ ತಿಳಿಸಬೇಕು. ನನಗೆ ಇಲ್ಲಿಯವರೆಗೆ ಒಂದು ಸಾಲು ಕೊಟ್ಟಿಲ್ಲ. ಬರೀ ಬಾಯಿ ಮಾತು. ಸೋಮವಾರ ಮತ್ತೆ ಕ್ಲಾಸು ಬಿಟ್ಟು ಹೋಗುತ್ತಿದ್ದೇನೆ. ಬೇಡ ಅನ್ನುವುದಿದ್ದರೆ ಸೀಲು, ಸಹಿ ಹಾಕಿ ಬೇಡ ಅನ್ನಲಿ. ಆ ಕಾಗದ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲುವುದಿಲ್ಲ.