ಬೇಕಿದ್ದರೆ ಕಸ ಎಸೆದ ಕೇಸು ಹಾಕಬಹುದು

ಕಾರು ತೆಗೆಯಲು ಹೋದರೆ ಮನೆ ಮುಂದೆ ಒಂದು ಜಿಪ್‌ಲಾಕ್ ಚೀಲ ಬಿದ್ದಿತ್ತು. ಒಳಗೆ ನಾಲ್ಕು ಮಡಿಕೆಯ ಹಾಳೆ, ಜೊತೆಗೊಂದು ಹಿಡಿ ಅಕ್ಕಿ. ಯಾರೋ ನಮ್ಮವರೇ ಮಂತ್ರಾಕ್ಷತೆ ಹಂಚಿದ್ದಾರೆ ಅಂದುಕೊಂಡು ಭಕ್ತಿಯಿಂದಲೇ ಬಿಡಿಸಿದೆ. ಯಹೂದಿಗಳ ಮೇಲೆ ಪುಟದುದ್ದ ಬೈಗುಳ. ಕೊನೆಯಲ್ಲಿ, ಇಂಡಿಯಾದಿಂದ ಬಂದು ಕೆಲಸ ಕದಿಯುವ ನಮ್ಮಂಥವರಿಗೂ ಎರಡು ಸಾಲು. ಅಕ್ಕಿ ಹಾಕಿದ್ದು ಚೀಲ ಗಾಳಿಗೆ ಹಾರದಿರಲಿ ಅಂತ.

ಪೊಲೀಸನಿಗೆ ಫೋನ್ ಮಾಡಿದೆ. ಬಂದ, ಓದಿದ, ಫೋಟೋ ತೆಗೆದುಕೊಂಡ. "ಇದರಲ್ಲಿ ಬೆದರಿಕೆ ಇಲ್ಲ. ಬರೆದದ್ದು ಅಪರಾಧ ಆಗಲ್ಲ. ಸಿಕ್ಕಿದರೆ ಕಸ ಎಸೆದ ಕೇಸು ಹಾಕಬಹುದು" ಅಂದ. ಮೈ ಉರಿದುಹೋಯಿತು. ಸಂಜೆ ಹೊತ್ತಿಗೆ ಮಾತ್ರ, ಅವನು ಹೇಳಿದ್ದೇ ಸರಿ ಅನ್ನಿಸತೊಡಗಿತ್ತು.

ನಾನಿರುವುದು ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ. ಈ ಜಗಳ ಈ ಊರಿಗೆ ಹಳೆಯದು. 1977ರಲ್ಲಿ ಫ್ರಾಂಕ್ ಕಾಲಿನ್ ಎಂಬಾತ ತನ್ನ ಪುಟ್ಟ ನಾಜಿ ಪಕ್ಷದವರಿಗೆ ಸ್ವಸ್ತಿಕದ ತೋಳಪಟ್ಟಿ ಕಟ್ಟಿಸಿ ಇಲ್ಲಿ ಮೆರವಣಿಗೆ ಮಾಡುತ್ತೇನೆಂದು ಹೊರಟ. ಊರಿನ ಸುಮಾರು 70,000 ಜನರಲ್ಲಿ 40,000ದಷ್ಟು ಮಂದಿ ಯಹೂದಿಗಳು; ಅವರಲ್ಲೂ ಸಾವಿರಾರು ಜನ ಹಿಟ್ಲರನ ಕೈಯಿಂದ ಬದುಕಿ ಬಂದವರು. ಊರಿನ ಆಡಳಿತ 3,50,000 ಡಾಲರಿನ ವಿಮೆ ತೋರಿಸು, ಆ ಸಮವಸ್ತ್ರ ಬೇಡ ಎಂದೆಲ್ಲ ಅಡ್ಡಗಾಲು ಹಾಕಿತು. ಕಾಲಿನ್ ಪರ ಕೋರ್ಟಿಗೆ ಹೋದದ್ದು ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು. ವಾದಿಸಿದ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯಹೂದಿ. ಸಂಸ್ಥೆಯ ಮುಖ್ಯಸ್ಥ ಆರ್ಯೆ ನೈಯರ್ ಬರ್ಲಿನ್ನಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ನಾಜಿಗಳಿಂದ ಪಾರಾದವರು. ಸಂಸ್ಥೆಯ ಸದಸ್ಯರು ಸಾವಿರಗಟ್ಟಲೆ ರಾಜೀನಾಮೆ ಬಿಸಾಕಿದರೂ ಇವರು ಪಟ್ಟು ಬಿಡದೆ ಗೆದ್ದರು.

ಗೆದ್ದ ಮೇಲೆ ಕಾಲಿನ್ ಸ್ಕೋಕಿಗೆ ಬರಲೇ ಇಲ್ಲ. 1978ರ ಜುಲೈನಲ್ಲಿ ಶಿಕಾಗೋದ ಒಂದು ಪಾರ್ಕಿನಲ್ಲಿ ಪೊಲೀಸರ ಕಾವಲಲ್ಲಿ ಅರಚಿ ಮುಗಿಸಿದ. ಬದುಕುಳಿದ ಯಹೂದಿಗಳು ಇನ್ನು ಸುಮ್ಮನಿದ್ದರೆ ಆಗದು ಎಂದು 1981ರಲ್ಲಿ ತಮ್ಮದೇ ಪ್ರತಿಷ್ಠಾನ ಕಟ್ಟಿದರು. 1990ರಲ್ಲಿ ಇಲಿನಾಯ್ ರಾಜ್ಯದ ಶಾಲೆಗಳಲ್ಲಿ ಯಹೂದಿಗಳ ಆ ನರಮೇಧದ ಪಾಠ ಕಡ್ಡಾಯವಾಯಿತು. 2009ರಲ್ಲಿ ಇಲ್ಲೇ ಅದರ ಮ್ಯೂಸಿಯಂ ಬಂತು. ಕಾಲಿನ್‌ನನ್ನು ಒಳಗೆ ಹಾಕಿದ್ದರೆ ಇದೆಲ್ಲ ಆಗುತ್ತಿತ್ತೇ? ನನಗಂತೂ ಅನುಮಾನ.

ನಮ್ಮಲ್ಲಿ? ಚಿಕ್ಕಮ್ಮನ ಮಗ ಗಣಪತಿ ಬಿಡುವ ಮೆರವಣಿಗೆಯ ಡಿಜೆ ಬಗ್ಗೆ ಒಂದು ಕೊಂಕು ಸ್ಟೇಟಸ್ ಹಾಕಿದ. ರಾತ್ರಿಯೊಳಗೆ ಠಾಣೆ ಮುಂದೆ ಇಪ್ಪತ್ತು ಜನ: ಭಾವನೆಗೆ ಧಕ್ಕೆ. ಎಫ್‌ಐಆರ್ ಆಯಿತು, ಇವತ್ತಿಗೂ ಕೋರ್ಟಿಗೆ ಅಲೆಯುತ್ತಾನೆ, ಪಾಸ್‌ಪೋರ್ಟ್ ನಿಂತಿದೆ. ಅದೇ ಊರಲ್ಲಿ ಮೈಕು ಹಿಡಿದು "ಅವರ ಅಂಗಡಿಗೆ ಕಾಲಿಡಬೇಡಿ" ಎಂದು ಗುಡುಗಿದವರಿಗೆ ಮಾರನೇ ವಾರ ಸನ್ಮಾನ, ಮೈಸೂರು ಪೇಟ. ಎರಡಕ್ಕೂ ಕಾನೂನು ಇದೆ. ಅದನ್ನು ಹಾಕುವವರು ಯಾರು ಅನ್ನುವುದರಲ್ಲಿ ಎಲ್ಲ ಇದೆ.

ಧಾರ್ಮಿಕ ಭಾವನೆಯ ಸೆಕ್ಷನ್ 295ಎ ಬ್ರಿಟಿಷರು 1927ರಲ್ಲಿ ತಂದು ಬಿಟ್ಟುಹೋದದ್ದು. 2024ರ ಜುಲೈಯಿಂದ, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಅಂಗಿ, 299 ಎಂಬ ಹೊಸ ಗುಂಡಿ. ಆ ಹಳೆಯ ಸೆಕ್ಷನ್ ಹಿಡಿದು 2013ರಲ್ಲಿ ಯೋಗೇಶ್ ಮಾಸ್ಟರ್ ಅವರನ್ನು ಬಂಧಿಸಿದರಲ್ಲ, ಅವರು ಮಾಡಿದ್ದು ಒಂದು ಕಾದಂಬರಿ ಬರೆದದ್ದು. ಈಗ 2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣಕ್ಕೆಂದೇ ಮಸೂದೆ ಪಾಸಾಗಿದೆ, ಏಳು ವರ್ಷದವರೆಗೆ ಜೈಲು. ವಾಟ್ಸಾಪಿನಲ್ಲಿ ನನ್ನ ಸಹಪಾಠಿಗಳು ಕುಣಿದಾಡಿದರು. ನಾನು ಕೇಳಿದ್ದು ಇಷ್ಟೇ: ಮುಂದಿನ ಸಲ ನಿಮಗೆ ಆಗದವರ ಸರ್ಕಾರ ಬಂದರೆ? ಉತ್ತರವಾಗಿ ಎರಡು ಸ್ಟಿಕ್ಕರ್ ಬಂದವು.

ಅಮೆರಿಕದ ಸುಪ್ರೀಂ ಕೋರ್ಟ್ 1969ರಲ್ಲೇ, ಅದೂ ಕರಿಯರನ್ನೂ ಯಹೂದಿಗಳನ್ನೂ ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪಿನ ಓಹಾಯೋದ ಒಬ್ಬ ಮುಖಂಡನ ಕೇಸಿನಲ್ಲಿ, ಗೆರೆ ಎಳೆದುಬಿಟ್ಟಿದೆ: ಮಾತು ಈ ಕ್ಷಣದಲ್ಲೇ ಕಾನೂನು ಮುರಿಯಲು ಜನರನ್ನು ಎಬ್ಬಿಸುವಂತಿರಬೇಕು, ಹಾಗೆ ಆಗುವ ಸಂಭವವೂ ಇರಬೇಕು. ಆಗ ಮಾತ್ರ ಶಿಕ್ಷೆ. ಈ ಗೆರೆ ನನಗೆ ಇಷ್ಟ.

ಇಷ್ಟನ್ನೂ ಪಕ್ಕದ ಮನೆ ಅಜ್ಜಿಯ ಮುಂದೆ ಹುರುಪಿನಿಂದ ಒದರಿದೆ. ಆಕೆಯ ಅಪ್ಪ ಅಮ್ಮ ನಾಜಿಗಳ ಕ್ಯಾಂಪಿನಿಂದ ಬದುಕಿ ಬಂದವರು. ಗ್ಲೌಸ್ ಹಾಕಿಕೊಂಡು ಬೀದಿಯ ಚೀಲಗಳನ್ನು ಹೆಕ್ಕುತ್ತಿದ್ದವಳು ತಲೆ ಎತ್ತದೆ ಹೇಳಿದಳು: "1977ರವರೆಗೆ ಎಸಿಎಲ್‌ಯುಗೆ ಪ್ರತಿ ವರ್ಷ ಚೆಕ್ ಕಳಿಸುತ್ತಿದ್ದೆ. ಆಮೇಲೆ ಒಂದು ಡಾಲರ್ ಕೊಟ್ಟಿಲ್ಲ. ಆ ಬೇಸಿಗೆಯಲ್ಲಿ ನಮ್ಮಮ್ಮ ಬಟ್ಟೆ ಬದಲಿಸದೆ, ಶೂ ಹಾಕಿಕೊಂಡೇ ಮಲಗುತ್ತಿದ್ದಳು." ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಇನ್ನೊಂದನ್ನೂ ಒಪ್ಪಲೇಬೇಕು. ಈ "ಕ್ಷಣ"ದ ಲೆಕ್ಕ ಹೊರಗೊಬ್ಬ ಪೊಲೀಸ್ ಕಾದು ನಿಂತಿರುವ ಕಡೆ ಚೆನ್ನ. 2020ರ ಆಗಸ್ಟ್ 11ರಂದು ಬೆಂಗಳೂರಿನ ಡಿಜೆ ಹಳ್ಳಿಯಲ್ಲಿ ಒಂದು ಫೇಸ್‌ಬುಕ್ ಪೋಸ್ಟಿನಿಂದ ಶುರುವಾದದ್ದು, ರಾತ್ರಿಯೊಳಗೆ ಶಾಸಕರ ಮನೆಗೆ, ಪೊಲೀಸ್ ಠಾಣೆಗೆ ಬೆಂಕಿ ಬಿದ್ದು, ಗೋಲಿಬಾರಿನಲ್ಲಿ ಮೂವರು ಸತ್ತರು. ಬರೆದವನ ಹಕ್ಕು, ಸುಟ್ಟವರ ತಪ್ಪು ಎಂದು ಸ್ಕೋಕಿಯಲ್ಲಿ ಕೂತು ವಿಂಗಡಿಸುವುದು ಸುಲಭ. ಆ ಬೀದಿಯಲ್ಲಿ ಮನೆ ಇದ್ದವರಿಗೆ ಹೇಳಲು ನನಗೆ ಬಾಯಿ ಬರಲಿಕ್ಕಿಲ್ಲ.

ಸರಿ, ಹೊಡಿ ಬಡಿ ಅನ್ನುವವನಿಗೆ ಸೆಕ್ಷನ್ ಇರಲಿ, ಅದನ್ನು ಅವನ ಪಕ್ಷ ನೋಡದೆ ಹಾಕಲಿ. ಆದರೆ ಭಾವನೆಗೆ ಧಕ್ಕೆಯಾಯಿತು ಎಂದು ಠಾಣೆಗೆ ಬಂದವರನ್ನು ಇನ್‌ಸ್ಪೆಕ್ಟರು ಒಂದು ಲೋಟ ಕಾಫಿ ಕೊಟ್ಟು ಮನೆಗೆ ಕಳಿಸುವ ದಿನ ಬರದೆ, ಆ ಹೊಸ ಮಸೂದೆಗೆ ನಾನು ಕೈ ಎತ್ತುವವನಲ್ಲ.